ಕೃಷ್ಣೆಯ ಹೂಳಿನ ಮಂದಿ

ಬೇಸಿಗೆ ಏರಿದಂತೆ ಚಿಕ್ಕೋಡಿ ಸೀಮೆಯ ಮಾಂಜರಿ, ಅಂಕಲಿ ಕಡೆ ಕೃಷ್ಣೆಯ ಹರಿವು ಸಣ್ಣದಾಗಿ ನೀರು ಮಡುಗಳಲ್ಲಿ ನಿಲ್ಲುತ್ತದೆ. ದಂಡೆಯಲ್ಲಿ ಉಸುಕು ಮುಗಿದು ಹೂಳು ಶುರುವಾಗುವ ಜಾಗ ನೋಡಿ, ಪಾರದರ್ಶಕ ಕೊಳವೆಯೊಂದನ್ನು ನೆಟ್ಟಗೆ ಒತ್ತಬೇಕು. ಮೇಲಿನ ಬಾಯಿಗೆ ಬಿರಡೆ ಹಾಕಿ ನಿಧಾನವಾಗಿ ಎತ್ತಿದರೆ ಪದರುಗಳು ಕದಡದೆ ಬರುತ್ತವೆ. ಮೇಲೆ ಕೆಲವೇ ಮಿಲಿಮೀಟರ್ ಕಂದು. ಅದರ ಕೆಳಗೆ ಬೂದುಬಣ್ಣ. ಆಮೇಲೆ ತಳದವರೆಗೂ ಅಚ್ಚಗಪ್ಪು.

ಕಂದು ಇರುವಷ್ಟಕ್ಕೆ ಮಾತ್ರ ಆಮ್ಲಜನಕದ ರಾಜ್ಯ. ಅಲ್ಲಿನ ಜೀವಿಗಳು ಅದನ್ನು ಅಲ್ಲೇ ಉಸಿರಾಡಿ ಮುಗಿಸುತ್ತವೆ. ಕೆಳಗಿನವು ಬೇರೆ ದಾರಿ ಹುಡುಕಬೇಕು; ಕೆಲವು ಕಬ್ಬಿಣದ ತುಕ್ಕನ್ನು ಉಸಿರಾಟಕ್ಕೆ ಬಳಸುತ್ತವೆ, ಕೆಲವು ಸಲ್ಫೇಟನ್ನು. ಸಲ್ಫೇಟ್ ಬಳಸುವವು ಕೊಳೆತ ಮೊಟ್ಟೆಯ ನಾತದ ಅನಿಲ ಬಿಡುತ್ತವೆ. ಆ ಅನಿಲ ಕಬ್ಬಿಣಕ್ಕೆ ಸೇರಿದರೆ ಕರಿ ಬಣ್ಣ. ನಮ್ಮ ಎರೆಮಣ್ಣು ಹುಟ್ಟಿದ್ದೇ ದಖ್ಖನ್ನಿನ ಕರಿಗಲ್ಲು ಸವೆದು, ಹಾಗಾಗಿ ಕಬ್ಬಿಣಕ್ಕೆ ಕೊರತೆಯಿಲ್ಲ. ಕರಿ ಉಂಡೆಯೊಂದನ್ನು ಬಂಡೆಯ ಮೇಲಿಟ್ಟು ಕಾದರೆ ಗಾಳಿ ತಾಗಿದ ಮೈ ಮತ್ತೆ ಕಂದಾಗುವುದು ಕಾಣುತ್ತದೆ.

ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: "ಏನ್ ಹುಡುಕಾಕ ಹತ್ತೀರಿ ಸರ, ಮೀನಾ?"

"ಇಲ್ಲ ಕಾಕಾ, ರಾಡಿ ತಗೊಂಡ ಹೊಂಟೇನಿ."

"ರಾಡ್ಯಾಗ ಏನ್ ಐತ್ರಿ, ನಾತ ಬಿಟ್ರ?"

"ನಾತ ಮಾಡಾವ್ರು ಅದಾರ್ರಿ."

ಅವರು ನಕ್ಕು, ಹುಟ್ಟಿನಿಂದ ಮಡುವಿನ ತಳ ಚುಚ್ಚಿ ತೋರಿಸಿದರು. ಗುಳುಗುಳು ಎಂದು ಗುಳ್ಳೆಗಳ ಸಾಲು ಎದ್ದು ಬಂತು. ಆ ಗುಳ್ಳೆಯಲ್ಲಿ ಹೆಚ್ಚಿನದು ಮಿಥೇನ್, ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲವೇ. ಅದನ್ನು ತಯಾರಿಸುವವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ವಂಶದವು. 1977ರವರೆಗೆ ಇವೂ ಬ್ಯಾಕ್ಟೀರಿಯಾದ ಲೆಕ್ಕಕ್ಕೇ ಸೇರಿದ್ದವು. ಆ ವರ್ಷ ಅಮೆರಿಕದ ಕಾರ್ಲ್ ವೋಸ್, ಸೂಕ್ಷ್ಮದರ್ಶಕ ಬದಿಗಿಟ್ಟು ಅಣುಗಳ ಬರಹ ಓದಿ, ಇವು ಮೂರನೆಯದೇ ಕುಲ ಎಂದು ತೋರಿಸಿದರು.

ಹೊಳೆಯ ಹೂಳಿನಲ್ಲಿ ಸಲ್ಫೇಟ್ ಕಡಿಮೆ, ಬೇಗ ತೀರುತ್ತದೆ. ಮಿಥೇನ್ ಮಾಡುವವರಿಗೆ ಮೇಲ್ಪದರದ ಹತ್ತಿರವೇ ಜಾಗ ಸಿಗುತ್ತದೆ. ಸಮುದ್ರದ ಕತೆ ಬೇರೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಹಾಗಾಗಿ ಕಡಲತಳದ ರಾಡಿಯಲ್ಲಿ ಮೊದಲು ಸಲ್ಫೇಟಿನವರ ದರ್ಬಾರು, ಮಿಥೇನಿನವರು ಆಳದಲ್ಲಿ. ಇವೆರಡರ ನಡುವಿನ ಸ್ಥಿತಿ ನೋಡಬೇಕೆಂದರೆ ಕಡಲಿಗೆ ಹೋಗಬೇಕಿಲ್ಲ, ಉಗಾರದ ಕಡೆ ಸವಳು-ಜವಳು ಹಿಡಿದ ಹೊಲಕ್ಕೆ ಹೋದರೆ ಸಾಕು. ಕಬ್ಬಿಗೆ ಹಾಯಿಸಿದ ನೀರು ಕೆಳಗೆ ಇಳಿಯದೆ ನಿಂತು, ಉಪ್ಪು ಮೇಲೇರಿ, ಒಣಗಿದಾಗ ನೆಲ ಬೆಳ್ಳಗಾಗುತ್ತದೆ. ಅಥಣಿ, ರಾಯಬಾಗ, ಕಾಗವಾಡದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಥ ಹೊಲದ ಬಸಿಗಾಲುವೆಯ ತಳ ಕೆದಕಿದರೆ ನಾತ ಮೊದಲು ಬರುತ್ತದೆ, ಗುಳ್ಳೆ ಆಮೇಲೆ.

ಇಲ್ಲಿಂದ ಕಡಲಿಗೆ ನಂಟೂ ಇದೆ. ನಿಪ್ಪಾಣಿ ಸೀಮೆಯ ಮಣ್ಣು ವೇದಗಂಗೆಗೆ, ವೇದಗಂಗೆ ದೂಧಗಂಗೆಗೆ, ದೂಧಗಂಗೆ ಕಲ್ಲೋಳದ ಹತ್ತಿರ ಕೃಷ್ಣೆಗೆ. ಈಗ ಹಿಪ್ಪರಗಿ, ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳು ಹೂಳಿನ ಬಹುಪಾಲನ್ನು ಹಿಡಿದಿಡುತ್ತವೆ. ಆದರೆ ಅಣೆಕಟ್ಟುಗಳಿಗೆ ಮೊದಲು ಸಾವಿರಾರು ವರ್ಷ ಈ ಕರಿಮಣ್ಣು ಬಂಗಾಳ ಕೊಲ್ಲಿಯವರೆಗೂ ಹೋಗಿ, ಗೋದಾವರಿ ತಂದ ಮಣ್ಣಿನ ಜೊತೆ ಪದರು ಪದರಾಗಿ ಕೂತಿದೆ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ಭಾರತದ ಗ್ಯಾಸ್ ಹೈಡ್ರೇಟ್ ಶೋಧಕ್ಕಾಗಿ ಆ ಕೃಷ್ಣಾ-ಗೋದಾವರಿ ಜಲಾನಯನದ ತಳ ಕೊರೆದಾಗ, ಒಂದು ಕಡೆ ಸುಮಾರು 130 ಮೀಟರ್ ದಪ್ಪದ ಜೇಡಿಯ ಬಿರುಕುಗಳಲ್ಲಿ ಹೆಪ್ಪುಗಟ್ಟಿದ ಮಿಥೇನ್ ಸಿಕ್ಕಿತು. ಬಹುಮಟ್ಟಿಗೆ ಅದು ಸೂಕ್ಷ್ಮಜೀವಿಗಳೇ ಮಾಡಿದ ಅನಿಲ. 2019ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅದೇ ಸೀಮೆಯಲ್ಲಿ ಮಿಥೇನ್ ಜಿನುಗುವ ತಾಣಗಳನ್ನೂ, ಅದನ್ನು ನೆಚ್ಚಿ ಬದುಕುವ ಕಪ್ಪೆಚಿಪ್ಪುಗಳನ್ನೂ ವರದಿ ಮಾಡಿದರು.

ಕಡಲತಳದ ಈ ಸೂಕ್ಷ್ಮಜೀವಿಗಳನ್ನು ಪ್ರಯೋಗಾಲಯದಲ್ಲಿ ಸಾಕುವುದು ಆಗದ ಮಾತಾಗಿತ್ತು. ಮಣ್ಣೇ ಇರಲಿ, ರಾಡಿಯೇ ಇರಲಿ, ಸೂಕ್ಷ್ಮದರ್ಶಕದಲ್ಲಿ ನೂರು ಜೀವಿ ಕಂಡರೆ ಗಾಜಿನ ತಟ್ಟೆಯಲ್ಲಿ ಬೆಳೆಯುವುದು ಒಂದೋ, ಅದೂ ಇಲ್ಲವೋ. ಒಂದಕ್ಕೆ ಇನ್ನೊಂದರ ಎಂಜಲೇ ಊಟ. ಬೇರ್ಪಡಿಸಿದರೆ ಬೆಳೆಯುವುದು ಕಷ್ಟ. 2000ದಲ್ಲಿ ಆಂಟ್ಯೆ ಬೋಟಿಯಸ್ ಮತ್ತು ಸಂಗಡಿಗರು ಶಾಂತಸಾಗರದ ತಳದಿಂದ ತಂದ ರಾಡಿಯಲ್ಲಿ ಇಂಥ ಜೋಡಿಯನ್ನೇ ಕಂಡರು: ನಡುವೆ ಮಿಥೇನ್ ತಿನ್ನುವ ಆರ್ಕಿಯಾದ ಮುದ್ದೆ, ಸುತ್ತ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ. ಯಾವುದು ಯಾರೆಂದು ಹೇಳಿದ್ದು, ಅವುಗಳ ಆರ್‌ಎನ್‌ಎ ಬರಹಕ್ಕೆ ಮಾತ್ರ ಅಂಟಿ ಹೊಳೆಯುವ ಬಣ್ಣ. ತಳದಿಂದ ಏರುವ ಮಿಥೇನಿನ ಬಹುಪಾಲನ್ನು ಇಂಥವೇ ತಿಂದು ಮುಗಿಸುವುದರಿಂದ ಅದು ಆಕಾಶ ಸೇರುವುದಿಲ್ಲ.

ಸಾಕಲಾಗದಿದ್ದರೆ ಓದೋಣ ಎಂಬುದು ಜೀನ್ ವಿದ್ಯೆಯ ಹಟ. ರಾಡಿಯನ್ನು ಕೂಡಲೇ ಹೆಪ್ಪುಗಟ್ಟಿಸಿ, ಸಣ್ಣ ಮಣಿಗಳ ಜೊತೆ ಕುಲುಕಿ, ಜೀವಕೋಶ ಒಡೆದು ಡಿಎನ್ಎ ತೆಗೆಯುತ್ತಾರೆ. ಮೊದಲು ನೋಡುವುದು 16ಎಸ್ ಎಂಬ ಜೀನನ್ನು, ಸುಮಾರು 1500 ಅಕ್ಷರಗಳದು. ಅದು ನಮ್ಮ ಕಡೆಯ ಅಡ್ಡಹೆಸರಿದ್ದಂತೆ: ಮನೆತನ ಯಾವುದು ಅಂತ ತಿಳಿಯುತ್ತದೆ, ಆಸಾಮಿ ಏನು ಉದ್ಯೋಗ ಮಾಡುತ್ತಾನೆ ಅಂತ ತಿಳಿಯುವುದಿಲ್ಲ. ಉದ್ಯೋಗ ತಿಳಿಯಲು ರಾಡಿಯಲ್ಲಿರುವ ಎಲ್ಲರ ಡಿಎನ್ಎಯನ್ನೂ ಒಟ್ಟಿಗೆ ಓದಿ, ಚೂರುಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಆ ಒಟ್ಟು ರಾಶಿಗೆ ಮೆಟಾಜಿನೋಮ್ ಎಂಬ ಹೆಸರನ್ನು 1998ರಲ್ಲಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು ಕೊಟ್ಟಿದ್ದು ಹೊಲದ ಮಣ್ಣಿನ ವಿಚಾರ ಬರೆಯುವಾಗ.

ನಮ್ಮ ಕರಿಮಣ್ಣು ಈ ಕೆಲಸಕ್ಕೆ ಸುಲಭದ್ದಲ್ಲ. ಹಿಗ್ಗಿ ಕುಗ್ಗುವ ಅದರ ಜೇಡಿ ಡಿಎನ್ಎಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ; ಕೊಳೆತ ಸಾವಯವದ ಕಂದು ಆಮ್ಲಗಳು ಡಿಎನ್ಎ ಜೊತೆಗೇ ಬಂದು ಮುಂದಿನ ರಾಸಾಯನಿಕ ಕ್ರಿಯೆಯನ್ನು ಕೆಡಿಸುತ್ತವೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸತ್ತವರ ಡಿಎನ್ಎ ಜೇಡಿಗೆ ಅಂಟಿ ಬಹುಕಾಲ ಉಳಿಯುತ್ತದೆ. ಪಟ್ಟಿಯಲ್ಲಿ ಹೆಸರು ಬಂತೆಂದು ಆತ ಬದುಕಿದ್ದಾನೆ ಎನ್ನಲಾಗದು. ದೊಡ್ಡ ದೊಡ್ಡ ಪಟ್ಟಿಗಳನ್ನು ನೋಡಿ ಹಿಗ್ಗುವವರು ಇದನ್ನು ಮರೆಯುವುದು ನನಗೆ ಸರಿಕಾಣುವುದಿಲ್ಲ.

ಹಾಗೆಂದು ಪಟ್ಟಿ ವ್ಯರ್ಥವಲ್ಲ. ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಕಡಲತಳದ ರಾಡಿಯಿಂದ 2015ರಲ್ಲಿ ಸ್ವೀಡನ್ನಿನ ಉಪ್ಸಾಲದ ತಂಡ ಬರೀ ಡಿಎನ್ಎ ಚೂರುಗಳನ್ನು ಕೂಡಿಸಿ ಲೋಕಿಆರ್ಕಿಯೋಟ ಎಂಬ ಗುಂಪನ್ನು ಗುರುತಿಸಿತು. ಗಿಡ, ಪ್ರಾಣಿ, ಮನುಷ್ಯರ ಕೋಶಗಳಲ್ಲಷ್ಟೇ ಇವೆ ಎಂದುಕೊಂಡಿದ್ದ ಹಲವು ಜೀನುಗಳು ಅದರಲ್ಲಿದ್ದವು. ಜೀವಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಅದಕ್ಕೂ ಮೊದಲೇ, 2006ರಲ್ಲಿ, ಜಪಾನಿನ ಹಿರೋಯುಕಿ ಇಮಾಚಿ ತಂಡ ನಾಂಕೈ ಕಂದಕದ ರಾಡಿ ತಂದು ಮಿಥೇನ್ ಉಣಿಸುತ್ತ ಕಾಯುತ್ತಿತ್ತು. ಹನ್ನೆರಡು ವರ್ಷದ ದುಡಿಮೆಯ ನಂತರ ಅದೇ ಬಳಗದ ಒಂದು ಜೀವಿ ಬೆಳೆಯಿತು; 2020ರಲ್ಲಿ ಪ್ರಬಂಧ ಅಚ್ಚಾಯಿತು. ನಮ್ಮ ಕರುಳಿನ ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾದರೆ ಇದಕ್ಕೆ 14ರಿಂದ 25 ದಿನ ಬೇಕು. ಒಂಟಿಯಾಗಿ ಇರಲೊಲ್ಲದು, ಮಿಥೇನ್ ಮಾಡುವ ಗೆಳೆಯನೊಬ್ಬ ಪಕ್ಕದಲ್ಲಿರಲೇಬೇಕು. ಜೀನ್ ಓದಿದ್ದರಿಂದಲೇ ಯಾರನ್ನು ಕಾಯುತ್ತಿದ್ದೇವೆ ಎಂಬುದು ಅವರಿಗೆ ತಿಳಿಯಿತು. ಓದುವುದು, ಕಾಯುವುದು, ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ, ನನ್ನ ಮತ ಕಾದವರಿಗೆ.

ಚಿಕ್ಕೋಡಿಯ ಕೃಷಿ ಅಂಗಡಿಯಲ್ಲಿ ಸೋಯಾಕ್ಕೆ ರೈಜೋಬಿಯಂ, ಕಬ್ಬಿಗೆ ಅಜೋಸ್ಪಿರಿಲಂ ಬ್ಯಾಕ್ಟೀರಿಯಾದ ಪಾಕೀಟು ಸಿಗುತ್ತವೆ. ಅವು ಪಾತ್ರೆಯಲ್ಲಿ ಬೆಳೆಯಲು ಒಪ್ಪಿಕೊಂಡವು. ಒಪ್ಪದವರ ಸಂಖ್ಯೆಯೇ ಹೊಲದಲ್ಲಿ ಹೆಚ್ಚು. ಸವಳು ಹಿಡಿದ ಭೂಮಿಗೆ ಬಸಿಗಾಲುವೆ ತೋಡಿದ ಮೇಲೆ ಉಪ್ಪು ಎಷ್ಟು ಇಳಿಯಿತೆಂದು ಅಳೆಯುವವರು, ಕರಿ ಪದರು ಎಷ್ಟು ಕೆಳಗೆ ಸರಿಯಿತು, ಅಲ್ಲಿ ಯಾರು ಬಂದರು, ಯಾರು ಹೋದರು ಎಂದೂ ನೋಡಲಿ. ಈ ಸೀಮೆಯ ಕಾಲೇಜು ಮಕ್ಕಳಿಗೆ ಒಂದು ಕೊಳವೆ, ಒಂದು ಬಿರಡೆ, ಒಂದು ಡಬ್ಬಿ ಮಂಜುಗಡ್ಡೆ ಕೊಟ್ಟರೆ ಅರ್ಧ ಕೆಲಸ ಆದಂತೆ. 2015ರಿಂದ ರೈತರ ಕೈಗೆ ಬರುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಲೆಕ್ಕವಿದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಐದು ಲಘು ಪೋಷಕಾಂಶ, ರಸಸಾರ, ಲವಣಾಂಶ, ಸಾವಯವ ಇಂಗಾಲ. ಜೀವಿಗಳಿಗೆ ಅದರಲ್ಲಿ ಒಂದು ಸಾಲೂ ಇಲ್ಲ.