ಹಳೇ ಪಿಕಪ್ ಗಾಡಿ ‘ಅಗ್ಗಕ್ಕೆ’ ಸಿಕ್ಕರೆ ನಿಜವಾಗಿಯೂ ಲಾಭವೇ? ರಿಪೇರಿ ಸೇರಿಸಿ ಹೀಗೆ ಲೆಕ್ಕ ಹಾಕಿ

“ಬೊಲೆರೋ ಪಿಕಪ್, ಸಿಂಗಲ್ ಓನರ್, ಎಂಜಿನ್ ಸೂಪರ್, ಸಣ್ಣಪುಟ್ಟ ಕೆಲಸ ಇದೆ ಅಷ್ಟೇ, ಅರ್ಜೆಂಟ್ ಸೇಲ್.” ಇಂಥ ಮೆಸೇಜು ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ಜೊತೆಗೆ ನಾಲ್ಕು ಫೋಟೊ. ನಾಲ್ಕೂ ತೊಳೆದು ಒರೆಸಿದ ಮೇಲೆ ತೆಗೆದವು, ಒಂದರಲ್ಲೂ ಗಾಡಿಯ ಅಡಿಭಾಗ ಕಾಣುವುದಿಲ್ಲ. ಬಾಡಿಗೆ ಗಾಡಿಗೆ ದುಡ್ಡು ಸುರಿದು ಸಾಕಾದ ತರಕಾರಿ ಬೆಳೆಗಾರರಿಗೆ, ಸ್ವಂತ ಗಾಡಿ ಓಡಿಸಿ ದುಡಿಯಬೇಕು ಎನ್ನುವ ಹುಡುಗರಿಗೆ ಆಸೆ ಹುಟ್ಟುವುದು ಸಹಜ. “ಚೆನ್ನಾಗಿರೋ ಗಾಡಿಗಿಂತ ಒಂದು ಲಕ್ಷ ಕಡಿಮೆ. ರಿಪೇರಿಗೆ ಐವತ್ತು ಸಾವಿರ ಹಾಕಿದರೂ ಐವತ್ತು ಉಳಿಯಿತು” ಎಂದು ಮನಸ್ಸಿನಲ್ಲೇ ಲೆಕ್ಕ ಮುಗಿಸಿಬಿಡುತ್ತೇವೆ.

ಬಹಳ ಸಲ ಈ ಲೆಕ್ಕ ತಪ್ಪು. ಮಾರುವವರು ಮೋಸ ಮಾಡಲೇಬೇಕೆಂದಿಲ್ಲ, ಅವರು ಹೇಳಿದ್ದೆಲ್ಲ ನಿಜವಾಗಿದ್ದರೂ ಲೆಕ್ಕ ತಪ್ಪಬಹುದು. ಏಕೆಂದರೆ ನಾವು ಶುರು ಮಾಡುವ ಜಾಗವೇ ಸರಿಯಿಲ್ಲ.

ಅವರು ಹೇಳಿದ ಬೆಲೆಯಿಂದ ಶುರು ಮಾಡಬೇಡಿ

1974ರಲ್ಲಿ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನರ ಮುಂದೆ ಜಾತ್ರೆಯಲ್ಲಿ ಇರುವಂಥ ಒಂದು ಚಕ್ರ ತಿರುಗಿಸಿದರು. ಅದು 10 ಅಥವಾ 65ರಲ್ಲೇ ನಿಲ್ಲುವಂತೆ ಮೊದಲೇ ಹೊಂದಿಸಿದ್ದರು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಕೇಳಿದರು. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ. ಆದರೂ 10 ಕಂಡವರ ಉತ್ತರ ಸುಮಾರು 25ರ ಹತ್ತಿರ, 65 ಕಂಡವರದು ಸುಮಾರು 45ರ ಹತ್ತಿರ ಬಂತು. ಮೊದಲು ಕಿವಿಗೆ ಬಿದ್ದ ಸಂಖ್ಯೆಗೆ ನಮ್ಮ ಅಂದಾಜು ಲಂಗರು ಹಾಕಿಕೊಳ್ಳುತ್ತದೆ.

ಗಾಡಿ ವ್ಯಾಪಾರದಲ್ಲೂ ಇದೇ ನಡೆಯುವುದು. ಅವರು 3.2 ಲಕ್ಷ ಎಂದರೆ ನಾವು 2.9ಕ್ಕೆ ಇಳಿಸಿ ಗೆದ್ದೆವು ಎಂದುಕೊಳ್ಳುತ್ತೇವೆ. ಆ ಗಾಡಿ 2.2 ಲಕ್ಷಕ್ಕೂ ಬಾಳುತ್ತದೆಯೇ ಎಂದು ಕೇಳಿಕೊಳ್ಳುವುದೇ ಇಲ್ಲ. ಮಾರುವವರು “ಹೋದ ವರ್ಷ ಅರವತ್ತು ಸಾವಿರ ಖರ್ಚು ಮಾಡಿದ್ದೀನಿ” ಎಂದರೂ ಅಷ್ಟೇ. ಅದು ಅವರು ಮಾಡಿ ಮುಗಿಸಿದ ಖರ್ಚು. ಬಿಲ್ ಇದ್ದರೆ, ಆ ಭಾಗ ಹೊಸದು ಎಂಬುದಕ್ಕೆ ಪುರಾವೆ ಎಂದು ನೋಡಿ. ಬೆಲೆಗೆ ಸೇರಿಸಿಕೊಳ್ಳಬೇಕಾದ ಮೊತ್ತ ಎಂದಲ್ಲ.

ಶುರು ಮಾಡಬೇಕಾದ್ದು ಬೇರೆ ಕಡೆಯಿಂದ: ಅದೇ ಮಾಡೆಲ್, ಅದೇ ವರ್ಷದ, ಇವತ್ತೇ ಲೋಡ್ ಹಾಕಿಕೊಂಡು ಹೋಗಬಹುದಾದ ಗಾಡಿಗೆ ನಿಮ್ಮ ಭಾಗದಲ್ಲಿ ಏನು ಬೆಲೆ? ಆನ್‌ಲೈನ್ ಜಾಹೀರಾತಿನಲ್ಲಿ ಇರುವುದು ಕೇಳುವ ಬೆಲೆ, ಮಾರಾಟವಾದ ಬೆಲೆ ಅಲ್ಲ. ಎಪಿಎಂಸಿ ಯಾರ್ಡಿನಲ್ಲಿ ಗಾಡಿ ನಿಲ್ಲಿಸಿಕೊಂಡಿರುವ ಮೂರ್ನಾಲ್ಕು ಡ್ರೈವರ್‌ಗಳನ್ನು ಕೇಳಿ. “ಈಚೆಗೆ ಯಾರಾದರೂ ಮಾರಿದರಾ, ಎಷ್ಟಕ್ಕೆ ಹೋಯ್ತು?” ಎಂದರೆ ಯಾವ ವೆಬ್‌ಸೈಟಿಗಿಂತ ಸರಿಯಾದ ಉತ್ತರ ಸಿಗುತ್ತದೆ.

ಗಾಡಿ ನೋಡಲು ಹೋದಾಗ

“ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ” ಎಂದು ಮೊದಲೇ ಫೋನಿನಲ್ಲಿ ಹೇಳಿ. ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ, ಆ ಬಿಸಿಗೆ ಇಂಧನ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಒಳಗೆ ಸವೆದು ಒತ್ತಡ ಸೋರುತ್ತಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಒಮ್ಮೆ ಬಿಸಿಯಾದರೆ ಅದೇ ಎಂಜಿನ್ ಸಭ್ಯವಾಗಿ ನಡೆದುಕೊಳ್ಳುತ್ತದೆ. ಹಾಗಾಗಿ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಆಗಲೇ ಒಂದು ಸುತ್ತು ಓಡಿಸಿಟ್ಟಿದ್ದಾರೆ.

ಹೊಗೆಯ ಬಣ್ಣ ಬಹಳಷ್ಟು ಹೇಳುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಕೆಲಸ ಬಂದಿರಬಹುದು, ಖರ್ಚು ದೊಡ್ಡದು. ದಟ್ಟ ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಕೆಲವೇ ನೂರು ರೂಪಾಯಿ, ಇಂಜೆಕ್ಟರ್ ಹೋಗಿದ್ದರೆ ಸಾವಿರಗಳು. ಬಿಳಿ ಹೊಗೆ ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು, ಅಂದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಕಂಡರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಇಷ್ಟೆಲ್ಲ ಹೇಳಿದರೂ, “ಎಂಜಿನ್ ಚೆನ್ನಾಗಿದ್ದರೆ ಗಾಡಿ ಚೆನ್ನಾಗಿದೆ” ಎಂಬ ಮಾತನ್ನು ನಂಬಬೇಡಿ. ಪಿಕಪ್ ವಿಷಯದಲ್ಲಿ ಇದು ದೊಡ್ಡ ತಪ್ಪು ತಿಳಿವಳಿಕೆ. ಎಂಜಿನ್ ಬಿಚ್ಚಿ ಸರಿಮಾಡಬಹುದು, ಚಾಸಿ ಕೊಳೆತಿದ್ದರೆ ಸರಿಮಾಡುವುದು ಕಷ್ಟ. ಓವರ್‌ಲೋಡ್ ಹೊತ್ತು ಹೊತ್ತು ಚಾಸಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಅದಕ್ಕೆ ವೆಲ್ಡಿಂಗ್ ಮಾಡಿ ಮೇಲೆ ಕಪ್ಪು ಪೇಂಟ್ ಬಳಿದಿರುತ್ತಾರೆ. ಟಾರ್ಚ್ ಹಿಡಿದು ಕೆಳಗೆ ನುಗ್ಗಿ, ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ ನೋಡಿ. ಸುತ್ತ ಎಲ್ಲ ಧೂಳಿದ್ದು ಒಂದೇ ಕಡೆ ಹೊಸ ಪೇಂಟ್ ಇದ್ದರೆ ಅಲ್ಲೇ ಕಥೆಯಿದೆ. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ಒಂದು ಕಡೆ ವಾಲಿದೆಯೇ ಎಂದು ಹಿಂದೆ ನಿಂತು ನೋಡಿ.

ಕರಾವಳಿಯ ಗಾಡಿಯಾಗಿದ್ದರೆ ಇನ್ನೂ ಹುಷಾರು. ಮಲ್ಪೆ, ಮಂಗಳೂರು, ಕಾರವಾರ ಕಡೆ ಮೀನು ಹೊತ್ತ ಪಿಕಪ್‌ಗಳಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಸಂದಿಗಳಿಂದ ಚಾಸಿಗೆ ಇಳಿದಿರುತ್ತದೆ. ತುಕ್ಕು ಹಿಡಿಯುವುದು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ಅದು ಚುರುಕಾಗುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಡಬ್ ಎನ್ನುತ್ತದೆ, ಪದರು ಉದುರುತ್ತದೆ. ಚಾಸಿಯಲ್ಲಿ ತೂತು ಕಂಡರೆ ಬೆಲೆ ಎಷ್ಟು ಇಳಿಸಲಿ ಎಂದು ಯೋಚಿಸಬೇಡಿ, ವಾಪಸ್ ಬನ್ನಿ.

ಕಿಲೋಮೀಟರ್ ಮೀಟರ್ ಹಿಂದಕ್ಕೆ ತಿರುಗಿಸುವುದು ಹೊಸದೇನಲ್ಲ. ಮೀಟರ್ 60,000 ತೋರಿಸುತ್ತಿದ್ದು, ಕ್ಲಚ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿ, ಸ್ಟೇರಿಂಗ್ ಹೊಳೆಯುತ್ತಿದ್ದರೆ ಪೆಡಲ್ಲನ್ನೇ ನಂಬಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಗುಂಡಿ ಆಳವಾಗಿದ್ದರೂ ಹಳೆಯ ರಬ್ಬರ್ ಸೀಳುತ್ತದೆ.

ಈಗ ಲೆಕ್ಕ

ಒಂದು ಉದಾಹರಣೆ ನೋಡೋಣ. ಇಲ್ಲಿನ ಮೊತ್ತಗಳು ತಿಳಿಯಲೆಂದು ಇಟ್ಟುಕೊಂಡವು, ನಿಮ್ಮ ಊರಿನ ಮೆಕ್ಯಾನಿಕ್ ಹೇಳಿದ್ದನ್ನು ಹಾಕಿಕೊಳ್ಳಿ. ಚೆನ್ನಾಗಿರುವ, ಎಫ್‌ಸಿ-ಇನ್ಶೂರೆನ್ಸ್ ಚಾಲ್ತಿಯಲ್ಲಿರುವ ಗಾಡಿಗೆ ನಿಮ್ಮ ಕಡೆ 4,20,000 ರೂಪಾಯಿ. ನೀವು ನೋಡಿದ ಗಾಡಿಗೆ 3,20,000 ಕೇಳುತ್ತಿದ್ದಾರೆ. ಕ್ಲಚ್ 14,000, ನಾಲ್ಕು ಟೈರ್ 28,000, ಲೀಫ್ ಸ್ಪ್ರಿಂಗ್ ಮತ್ತು ಬುಷ್ 12,000, ಬ್ರೇಕ್ 8,000, ಬ್ಯಾಟರಿ 6,000, ಹಿಂದಿನ ಬಾಡಿಯ ತಗಡು, ಟಿಂಕರಿಂಗ್, ಪೇಂಟ್ 22,000. ಒಟ್ಟು 90,000. ಟೈರ್ ವಿಷಯದಲ್ಲಿ ಮಾರುವವರು ವಾದ ಮಾಡಬಹುದು: “ಆ 4.2 ಲಕ್ಷದ ಗಾಡಿಗೂ ಹೊಸ ಟೈರ್ ಇಲ್ಲವಲ್ಲ!” ಅವರ ಮಾತಿನಲ್ಲೂ ನ್ಯಾಯವಿದೆ, ಅರ್ಧ ಬಿಟ್ಟುಕೊಡಿ ಬೇಕಿದ್ದರೆ.

ಗ್ಯಾರೇಜಿನಲ್ಲಿ ಬಿಚ್ಚಿದ ಮೇಲೆ “ಅಣ್ಣಾ, ಇದೂ ಹೋಗಿದೆ” ಎಂಬ ಫೋನ್ ಬಂದೇ ಬರುತ್ತದೆ. ಅದಕ್ಕೆ ಐದನೇ ಒಂದು ಭಾಗ, 18,000 ಇಟ್ಟುಕೊಳ್ಳಿ. ಲ್ಯಾಪ್ಸ್ ಆಗಿರುವ ಎಫ್‌ಸಿ, ಇನ್ಶೂರೆನ್ಸ್ ಮಾಡಿಸಲು 30,000. ಹದಿನೈದು ದಿನ ಗಾಡಿ ಗ್ಯಾರೇಜಿನಲ್ಲಿ ನಿಂತರೆ, ದಿನಕ್ಕೆ ಕೈಗೆ ಉಳಿಯುವ ಸಾವಿರದಂತೆ 15,000. ಈ ಕೊನೆಯದನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಸಾಲದ ಕಂತು ಮಾತ್ರ ಆ ಹದಿನೈದು ದಿನವೂ ನಿಲ್ಲುವುದಿಲ್ಲ.

ಇನ್ನು ಕಣ್ಣಿಗೆ ಕಾಣದ್ದು. ಎಂಜಿನ್ ಕೆಲಸ ಬಂದರೆ 80,000, ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಮೆಕ್ಯಾನಿಕ್ ಹೇಳಿದರೆ, ನಾಲ್ಕನೇ ಒಂದು ಭಾಗ, ಅಂದರೆ 20,000 ಕಳೆಯಿರಿ. 4,20,000ರಿಂದ ಇಷ್ಟೂ ಕಳೆದರೆ ಉಳಿಯುವುದು 2,47,000. ಆ ಬೆಲೆಗೆ ಕೊಂಡರೆ ನಿಮಗೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಓಡಾಟ ಮಾತ್ರ ಪುಕ್ಕಟೆ. ಆ ತಲೆನೋವಿಗೆ ಇನ್ನೊಂದು 20,000 ಇಳಿಸಿದರೆ ನಿಮ್ಮ ಗರಿಷ್ಠ ಬೆಲೆ ಸುಮಾರು 2,25,000. ಕೇಳುತ್ತಿರುವ 3,20,000ಕ್ಕೆ ಕೊಂಡಿದ್ದರೆ? ಎಂಜಿನ್‌ಗೆ ಏನೂ ಆಗದೆ, ಹೆಚ್ಚುವರಿ ಕೆಲಸವೂ ಬರದೆ ಇದ್ದರೂ 4,55,000 ಆಗುತ್ತಿತ್ತು. ಚೆನ್ನಾಗಿರುವ ಗಾಡಿಯೇ ಅಗ್ಗ.

ಎಂಜಿನ್‌ಗೆಂದು ಕಳೆದ ಆ 20,000 ಬಗ್ಗೆ ಒಂದು ಮಾತು. ವರ್ಷಕ್ಕೆ ಐವತ್ತು ಗಾಡಿ ಕೊಳ್ಳುವ ಡೀಲರಿಗೆ ಈ ಸರಾಸರಿ ಸರಿಹೋಗುತ್ತದೆ, ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ. ನೀವು ಕೊಳ್ಳುವುದು ಒಂದೇ. ಎಂಜಿನ್ ಕೂತರೆ ನಿಮಗೆ ಬೀಳುವುದು ಪೂರ್ತಿ ಎಂಬತ್ತು ಸಾವಿರ. ಆದ್ದರಿಂದ ಆ 80,000 ಬೇರೆಯಾಗಿ ಕೈಯಲ್ಲಿ ಇಲ್ಲದವರು ಇಂಥ ಗಾಡಿಗೆ ಕೈಹಾಕದಿರುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಗಾಡಿಯ ಒಳಗುಟ್ಟು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಇದರಿಂದ ಇಡೀ ಮಾರುಕಟ್ಟೆಯೇ ಕೆಡಬಹುದು ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳನ್ನೇ ಉದಾಹರಣೆಯಾಗಿಟ್ಟು ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗುಟ್ಟು ಕಡಿಮೆಯಾದಷ್ಟೂ ಬೆಲೆ ನ್ಯಾಯವಾಗುತ್ತದೆ. ನಿಮ್ಮದೇ ಮೆಕ್ಯಾನಿಕ್ಕಿಗೆ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. “ನಮ್ಮ ಮೆಕ್ಯಾನಿಕ್ ನೋಡಿ ಓಕೆ ಅಂದಿದ್ದಾನೆ” ಎಂಬ ಮಾತನ್ನು ಒಪ್ಪಬೇಡಿ. ನಿಮ್ಮವರನ್ನು ಗಾಡಿ ಮುಟ್ಟಲು ಬಿಡದಿದ್ದರೆ, ಆ ಎಂಜಿನ್ ಹೋಗಿದೆ ಎಂದೇ ಲೆಕ್ಕ ಹಾಕಿ.

ಕಾಗದ ಸರಿಯಿಲ್ಲದ ಗಾಡಿಗೆ ಬೆಲೆಯೇ ಇಲ್ಲ

“15 ವರ್ಷ ದಾಟಿದ ಗಾಡಿಗಳೆಲ್ಲ ಗುಜರಿಗೆ” ಎಂಬ ಫಾರ್ವರ್ಡ್ ತೋರಿಸಿ ಬೆಲೆ ಇಳಿಸುವವರಿದ್ದಾರೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಆದೇಶಗಳು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದವು. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದವುಗಳ ನೋಂದಣಿ ನವೀಕರಿಸುವುದಿಲ್ಲ ಎಂದಿರುವುದು ಸರ್ಕಾರಿ ವಾಹನಗಳಿಗೆ. ಕರ್ನಾಟಕದಲ್ಲಿ ಖಾಸಗಿಯವರ ಹಳೆಯ ಪಿಕಪ್ ಫಿಟ್‌ನೆಸ್ ಪಾಸಾದರೆ ಓಡಬಹುದು. ಆದರೆ ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಹಳೆಯ ಗಾಡಿಗಳ ಶುಲ್ಕವನ್ನು ಈಚಿನ ವರ್ಷಗಳಲ್ಲಿ ಬಹಳ ಏರಿಸಿದ್ದಾರೆ, ಇವತ್ತಿನ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಿ. ಎಫ್‌ಸಿ ಇಲ್ಲದ ಸಾಗಣೆ ವಾಹನವನ್ನು ಕಾನೂನು ಸರಿಯಾಗಿ ನೋಂದಣಿಯಾದ ವಾಹನವೆಂದೇ ಪರಿಗಣಿಸುವುದಿಲ್ಲ.

ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಫಿಟ್‌ನೆಸ್, ಇನ್ಶೂರೆನ್ಸ್ ದಿನಾಂಕ ಕಾಣುತ್ತದೆ. ಬಾಕಿ ಚಲನ್ ನೋಡಿ. ಚಾಸಿ ಮೇಲೆ ಕೊರೆದ ನಂಬರನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದರೆ, ಅವರ ಎನ್‌ಒಸಿ ಮತ್ತು ಫಾರಂ 35 ಸಿಗುವ ತನಕ ಪೂರ್ತಿ ಹಣ ಕೊಡಬೇಡಿ. “ಉಳಿದ ಕಂತು ನೀವೇ ಕಟ್ಟಿಕೊಂಡು ಹೋಗಿ” ಎಂಬ ಬಾಯಿಮಾತಿನ ಒಪ್ಪಂದದಲ್ಲಿ ಕಂತು ಕಟ್ಟುವವರು ನೀವು, ಗಾಡಿ ಇನ್ನೊಬ್ಬರ ಹೆಸರಲ್ಲಿ.

ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟರೆ ವರ್ಗಾವಣೆ ಆಗುವುದಿಲ್ಲ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಮಾರಿದವರಿಗೂ ಇದು ಮುಖ್ಯ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

“ಬ್ಯಾಂಕ್ ಸೀಜ್ ಮಾಡಿದ ಪಿಕಪ್, ಐದು ಸಾವಿರ ಟೋಕನ್ ಕಳಿಸಿದರೆ ಬುಕ್” ಎಂಬ ಮೆಸೇಜಿಗೆ ಇಷ್ಟೆಲ್ಲ ಲೆಕ್ಕವೂ ಬೇಡ. ಬ್ಯಾಂಕುಗಳು ಹರಾಜು ಮಾಡುವುದು ನಿಜ, ಆದರೆ ಗಾಡಿ ನಿಂತಿರುವ ಯಾರ್ಡ್ ತೋರಿಸದೆ ಯಾರದೋ ಯುಪಿಐ ನಂಬರಿಗೆ ಹಣ ಕೇಳುವುದಿಲ್ಲ. ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.