ಬರಗಾಲದಲ್ಲಿ ಹುಟ್ಟಿದ ರೈಲುದಾರಿ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸಕುಟುಂಬರಾಗಿ ಹೊರಟವರಿಗೆ ಮದ್ದೂರು ಸಮೀಪಿಸಿದೊಡನೆ ವಡೆಯ ಸ್ಮರಣೆಯಾಗುವುದು ಸಹಜ. ನನಗೂ ಆಗುತ್ತದೆ. ಆದರೆ ಈ ದಾರಿಯ ಮೊದಲ ಮಣ್ಣನ್ನು ಹೊತ್ತವರು ಅನ್ನವಿಲ್ಲದವರೆಂಬ ಸಂಗತಿಯನ್ನು ಮಕ್ಕಳಿಗೆ ಹೇಳುವವರು ವಿರಳ.

ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮಳೆಯಿಲ್ಲದೆ ಮೈಸೂರು ಸಂಸ್ಥಾನದಲ್ಲಿ ಘೋರ ಕ್ಷಾಮವು ತಲೆದೋರಿತು. ಆಗ ಸಂಸ್ಥಾನದೊಳಗಿದ್ದ ರೈಲುದಾರಿ ಒಂದೇ. ಜೋಲಾರಪೇಟೆಯಿಂದ ಹೊರಟು 1864ರಲ್ಲಿ ಬೆಂಗಳೂರು ದಂಡಿಗೆ ಬಂದು ನಿಂತದ್ದು. ಮದರಾಸಿನ ಕಡೆಯ ಧಾನ್ಯವು ಅಲ್ಲಿಯವರೆಗೇನೋ ಬರುತ್ತಿದ್ದಿತು. ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಗಾಡಿಯನ್ನೆಳೆಯುವ ಎತ್ತಿಗೂ ಮೇವು ನೀರು ಬೇಕಷ್ಟೆ! ಅವೂ ಹಸಿವಿನಿಂದ ಸಾಯುತ್ತಿದ್ದುವು. ಬೆಂಗಳೂರಿನಲ್ಲಿ ಧಾನ್ಯವಿದ್ದರೂ ಹಳ್ಳಿಯಲ್ಲಿ ಒಲೆ ಹತ್ತಲಿಲ್ಲ. 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿದ್ದಿತೆಂದರೆ ಹೆಚ್ಚಿನ ವರ್ಣನೆ ಅನಾವಶ್ಯಕ.

ಮೈಸೂರಿನ ದಾರಿಯ ಮಣ್ಣು ಕೆಲಸವು ಕ್ಷಾಮಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತು. ಬುಟ್ಟಿ ಹೊತ್ತು ಏರಿ ಕಟ್ಟಿದ ಆ ಹೆಂಗಸರು ಗಂಡಸರ ಹೆಸರುಗಳು ನಮಗೆ ಉಳಿದಿಲ್ಲ. 1881ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿದಾಗ ದಿವಾನರಾದ ರಂಗಾಚಾರ್ಲು ಅವರು ಈ ಕಾರ್ಯವನ್ನು ಮುಂದುವರಿಸಿದರು. ಸುಮಾರು 86 ಮೈಲಿಯ ಈ ಮೀಟರ್ ಗೇಜಿನ ದಾರಿ ಸಂಸ್ಥಾನದ ಸ್ವಂತ ಹಣದಿಂದಾದುದು. ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಂತಹಂತವಾಗಿ ದಾಟಿ 1882ರಲ್ಲಿ ಬಂಡಿಯು ಮೈಸೂರನ್ನು ಸೇರಿತು. ರಂಗಾಚಾರ್ಲು ಅವರಿಗೆ ಅದನ್ನು ನೋಡುವ ಭಾಗ್ಯವಿದ್ದಿತು. 1883ರ ಆರಂಭದಲ್ಲಿ ಅವರು ಕಾಲವಾದರು.

ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಈ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಯಿತು. ಹರಿಹರದವರೆಗೆ ರೈಲು ಹಾಕಲು ಹಣ ಬೇಕಾಗಿದ್ದಿತು. ಮನೆಯ ಒಡವೆಯನ್ನು ಅಡವಿಟ್ಟು ಹೊಲ ಕೊಳ್ಳುವ ಗೃಹಸ್ಥನ ಲೆಕ್ಕವೇ ಇದು. ತಪ್ಪೆನ್ನಲಾರೆ, ಆದರೂ ಒಡವೆ ಹೋದಾಗ ಮನೆಯವರಿಗೆ ವ್ಯಥೆಯಾಗದೆ ಇರುವುದಿಲ್ಲ.

ಶತಮಾನ ಕಳೆದ ಮೇಲೆ ದಾರಿಯು ಬ್ರಾಡ್ ಗೇಜಾಯಿತು. ಬಳಿಕ ಜೋಡಿ ಹಳಿಯೂ ಬಂದಿತು. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಯೊಂದು ಅಡ್ಡವಾಯಿತು. ಅದನ್ನು ಕೆಡವದೆ, 2017ರಲ್ಲಿ ಇಡಿಯ ಕಟ್ಟಡವನ್ನೇ ತಳದಿಂದೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಮೆಲ್ಲಮೆಲ್ಲನೆ ಸರಿಸಿ ನಿಲ್ಲಿಸಿದರು. ಮುಂದಿನ ಸಲ ಹೋಗುವಾಗ ಕಿಟಕಿಯ ಪಕ್ಕದ ಮಕ್ಕಳಿಗೆ ಅದನ್ನು ತೋರಿಸಬಹುದು. ಅದಕ್ಕೆ ಮುಂಚೆ, ಮದ್ದೂರಿನ ಆಚೀಚೆ, ಹಳಿಯ ಕೆಳಗಣ ಮಣ್ಣಿನ ಏರಿಯನ್ನೂ ತೋರಿಸಬಹುದು.