ಚಿಮಣಿಯಲ್ಲೇ ಇಂಗಾಲಕ್ಕೆ ಸೆರೆ: ಏನಿದು ಸಿಸಿಯುಎಸ್ ತಂತ್ರಜ್ಞಾನ? ಭಾರತಕ್ಕೇಕೆ ಬೇಕು?

ಸಿಮೆಂಟ್ ಕಾರ್ಖಾನೆಯನ್ನು ಪೂರ್ತಿ ಸೌರ ವಿದ್ಯುತ್ತಿನಲ್ಲೇ ನಡೆಸಿದರೂ ಅದರ ಚಿಮಣಿಯಿಂದ ಇಂಗಾಲದ ಡೈಆಕ್ಸೈಡ್ ಬರುವುದು ನಿಲ್ಲುವುದಿಲ್ಲ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿಂದಲೇ ಈ ಅನಿಲ ಹೊರಬೀಳುತ್ತದೆ. ಸಿಮೆಂಟ್ ತಯಾರಿಕೆಯಿಂದ ಹೊಮ್ಮುವ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಥದ್ದೇ. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಹೊಂದಿರುವ ಭಾರತ, ಇಂಗಾಲವನ್ನು ಹಿಡಿದು, ಬಳಸಿ, ಸಂಗ್ರಹಿಸುವ 'ಸಿಸಿಯುಎಸ್' ತಂತ್ರಜ್ಞಾನದತ್ತ ನೋಡುತ್ತಿರುವುದು ಇದೇ ಕಾರಣಕ್ಕೆ.

ಹಿಡಿಯುವುದು ಹೇಗೆ?

ಹೊಗೆಯನ್ನು ಅಮೈನ್ ಎಂಬ ರಾಸಾಯನಿಕದ ದ್ರಾವಣದ ಮೂಲಕ ಹಾಯಿಸಲಾಗುತ್ತದೆ. ದ್ರಾವಣ ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೀರಿಕೊಳ್ಳುತ್ತದೆ. ನಂತರ ದ್ರಾವಣವನ್ನು ಕಾಯಿಸಿದರೆ ಅನಿಲ ಬೇರ್ಪಡುತ್ತದೆ. ಹೀಗೆ ಕಾಯಿಸಲು ಬೇಕಾಗುವ ಶಕ್ತಿಯೇ ಇದರ ದೊಡ್ಡ ಖರ್ಚು. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಈ ಅನಿಲದ ಪ್ರಮಾಣ ಶೇ 10ರಿಂದ 15ರಷ್ಟಿದ್ದರೆ, ಗಾಳಿಯಲ್ಲಿ ಇರುವುದು ಸುಮಾರು ಶೇ 0.04 ಮಾತ್ರ. ಹಾಗಾಗಿ ಗಾಳಿಗಿಂತ ಚಿಮಣಿಯಲ್ಲೇ ಹಿಡಿಯುವುದು ಅಗ್ಗ.

ಬಳಕೆ ಎಲ್ಲೆಲ್ಲಿ?

ಯೂರಿಯಾ, ಸೋಡಾ ಬೂದಿ, ತಂಪು ಪಾನೀಯಗಳಿಗೆ ಈ ಅನಿಲ ಬೇಕು. ತಮಿಳುನಾಡಿನ ತೂತುಕುಡಿಯ ಕಾರ್ಖಾನೆಯೊಂದು ತನ್ನ ಬಾಯ್ಲರ್‌ನ ಹೊಗೆಯಿಂದಲೇ ಅನಿಲ ಹಿಡಿದು ಸೋಡಾ ಬೂದಿ ತಯಾರಿಸಲು 2016ರಲ್ಲಿ ಘಟಕ ಆರಂಭಿಸಿತು. ಅದರ ಸಾಮರ್ಥ್ಯ ವರ್ಷಕ್ಕೆ ಸುಮಾರು 60 ಸಾವಿರ ಟನ್. ಆದರೆ ಬಳಸಿದ ಮಾತ್ರಕ್ಕೆ ಇಂಗಾಲ ಶಾಶ್ವತವಾಗಿ ಹೋಯಿತೆಂದಲ್ಲ. ಸೋಡಾ ಬಾಟಲಿ ತೆರೆದರೆ, ಯೂರಿಯಾ ಹೊಲಕ್ಕೆ ಬಿದ್ದರೆ ಅದು ಮತ್ತೆ ಗಾಳಿ ಸೇರುತ್ತದೆ.

ಕೂಡಿಡುವುದು ಎಲ್ಲಿ?

ಶಾಶ್ವತ ಪರಿಹಾರವೆಂದರೆ ನೆಲದಾಳ. ನಾರ್ವೆ 1991ರಲ್ಲಿ ಇಂಗಾಲ ತೆರಿಗೆ ಹೇರಿತು. ಪರಿಣಾಮ, ಉತ್ತರ ಸಮುದ್ರದ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಅಡಿಯ ಮರಳುಗಲ್ಲಿನ ಪದರಕ್ಕೆ ಇಳಿಸಲಾಗುತ್ತಿದೆ. ಐಸ್‌ಲ್ಯಾಂಡ್‌ನಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಗೆ ಬಿಟ್ಟಾಗ, ಎರಡು ವರ್ಷದೊಳಗೆ ಶೇ 95ರಷ್ಟು ಕಲ್ಲಾಗಿ ಬದಲಾಗಿತ್ತು. ಮಹಾರಾಷ್ಟ್ರದಿಂದ ಉತ್ತರ ಕರ್ನಾಟಕದವರೆಗೆ ಹರಡಿರುವ ದಖನ್ನಿನ ಕಪ್ಪು ಶಿಲೆಯೂ ಬಸಾಲ್ಟ್. ವಿಜ್ಞಾನಿಗಳ ಕುತೂಹಲಕ್ಕೆ ಅದೇ ಕಾರಣ.

ಭಾರತದಲ್ಲಿ ಏನಾಗುತ್ತಿದೆ?

ನೀತಿ ಆಯೋಗ 2022ರಲ್ಲಿ ಈ ಬಗ್ಗೆ ನೀತಿ ಚೌಕಟ್ಟಿನ ವರದಿ ಪ್ರಕಟಿಸಿತು. ಮುಂಬೈನ ಐಐಟಿ ಹಾಗೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳು ಸ್ಥಾಪನೆಯಾಗಿವೆ.

ಅಡ್ಡಿ ಏನು?

ಜಗತ್ತಿನ ಇಂಧನ ವಲಯ ವರ್ಷಕ್ಕೆ 3,700 ಕೋಟಿ ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಹಿಡಿಯುವ ಸಾಮರ್ಥ್ಯ ಸುಮಾರು 5 ಕೋಟಿ ಟನ್ ಮಾತ್ರ. ಹಿಡಿದದ್ದರಲ್ಲೂ ಬಹುಪಾಲು, ಹಳೆಯ ಬಾವಿಗಳಿಂದ ಇನ್ನಷ್ಟು ತೈಲ ತೆಗೆಯಲು ಬಳಕೆಯಾಗುತ್ತಿದೆ. ಕಲ್ಲಿದ್ದಲು ಸುಡುವುದನ್ನು ಮುಂದುವರಿಸಲು ಇದೊಂದು ನೆಪವಾಗಬಹುದು ಎಂಬ ಟೀಕೆಯೂ ಇದೆ. ವಿದ್ಯುತ್ತಿಗೆ ಸೂರ್ಯ, ಗಾಳಿಯ ಪರ್ಯಾಯವಿದೆ. ಸಿಮೆಂಟಿನ ಸುಣ್ಣದ ಕಲ್ಲಿಗೆ ಅಂಥ ಸುಲಭ ಪರ್ಯಾಯವಿಲ್ಲ. ಈ ದುಬಾರಿ ತಂತ್ರಜ್ಞಾನ ಮೊದಲು ಸಲ್ಲಬೇಕಾದದ್ದು ಅಲ್ಲಿಗೇ.